ಲೆವೆಲ್ 5 ಕಂಪನಿ ಅಂದರೆ ಏನು? ಸಾಫ್ಟ್‌ವೇರ್ ಕೆಲಸ ಮಾಗುವ ಐದು ಹಂತಗಳು

ಸರ್ಕಾರಿ ಇಲಾಖೆಗೆ ಸಾಫ್ಟ್‌ವೇರ್ ಮಾಡಿಕೊಡುವ ಟೆಂಡರ್ ದಾಖಲೆ ತೆರೆದರೆ, ಅರ್ಹತೆಯ ಪಟ್ಟಿಯಲ್ಲಿ ವಾರ್ಷಿಕ ವಹಿವಾಟು, ಜಿಎಸ್‌ಟಿ ನೋಂದಣಿಗಳ ಜೊತೆ ಒಂದು ಸಾಲು ಆಗಾಗ ಕಣ್ಣಿಗೆ ಬೀಳುತ್ತದೆ: ‘ಸಿಎಂಎಂಐ ಲೆವೆಲ್ 3 ಅಥವಾ ಅದಕ್ಕಿಂತ ಮೇಲು’. ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಮೂವತ್ತು ಜನರನ್ನಿಟ್ಟುಕೊಂಡು ಕಂಪನಿ ನಡೆಸುವವರು ಈ ಸಾಲಿನ ಹತ್ತಿರ ಬಂದು ತಡೆಯುತ್ತಾರೆ. ಬೆಂಗಳೂರಿನ ದೊಡ್ಡ ಕಂಪನಿಗಳು ಇದೇ ಲೆವೆಲ್ಲನ್ನು ಜಾಹೀರಾತಿನಲ್ಲಿ ಹಾಕಿಕೊಳ್ಳುತ್ತವೆ. ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಮೊದಲ ವಾರದ ತರಬೇತಿಯಲ್ಲಿ ಅದನ್ನು ಕೇಳಿ, ಎರಡನೇ ವಾರ ಮರೆಯುತ್ತಾರೆ.

ಸಿಎಂಎಂಐ ಅಂದರೆ ಕಂಪನಿ ಕೆಲಸ ಮಾಡುವ ಕ್ರಮವನ್ನು ಒಂದರಿಂದ ಐದರವರೆಗಿನ ಹಂತಗಳಲ್ಲಿ ಅಳೆಯುವ ಮಾದರಿ. ಈ ಅಂಕಿ ಹೋಟೆಲ್‌ಗಳ ಸ್ಟಾರ್ ಥರದ್ದಲ್ಲ. ಕಂಪನಿ ತಯಾರಿಸಿದ ಸಾಫ್ಟ್‌ವೇರ್ ಎಷ್ಟು ಚೆನ್ನಾಗಿದೆ ಎಂದು ಅದು ಹೇಳುವುದೂ ಇಲ್ಲ. ಕಂಪನಿ ಒಂದು ಮಾತು ಕೊಟ್ಟರೆ, ಇಷ್ಟು ದಿನಕ್ಕೆ, ಇಷ್ಟು ಖರ್ಚಿಗೆ, ಇಷ್ಟರೊಳಗಿನ ದೋಷಗಳಿಗೆ ಎಂದರೆ, ಆ ಮಾತು ಯಾವುದರ ಮೇಲೆ ನಿಂತಿದೆ ಎಂಬುದನ್ನು ಹೇಳುತ್ತದೆ. ಒಬ್ಬ ಚುರುಕು ಹುಡುಗನ ಮೇಲೋ, ಹಿಂದಿನ ಹತ್ತು ಪ್ರಾಜೆಕ್ಟ್‌ಗಳ ಲೆಕ್ಕದ ಮೇಲೋ?

## ಪ್ರಶ್ನೆ ಎದ್ದದ್ದು ಎಲ್ಲಿ

1980ರ ದಶಕದಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಗುತ್ತಿಗೆದಾರರಿಂದ ಭಾರೀ ಪ್ರಮಾಣದಲ್ಲಿ ಸಾಫ್ಟ್‌ವೇರ್ ಬರೆಸುತ್ತಿತ್ತು. ತಡವಾಗುವುದು, ಖರ್ಚು ಮೀರುವುದು ಮಾಮೂಲಾಗಿತ್ತು. ಇದಕ್ಕೆ ದಾರಿ ಹುಡುಕಲು 1984ರಲ್ಲಿ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಸಾಫ್ಟ್‌ವೇರ್ ಎಂಜಿನಿಯರಿಂಗ್ ಇನ್‌ಸ್ಟಿಟ್ಯೂಟ್, ಅಂದರೆ ಎಸ್‌ಇಐ, ಶುರುವಾಯಿತು. ಐಬಿಎಂನಲ್ಲಿ 27 ವರ್ಷ ದುಡಿದಿದ್ದ ವಾಟ್ಸ್ ಹಂಫ್ರಿ 1986ರಲ್ಲಿ ಅಲ್ಲಿಗೆ ಬಂದರು.

ಅವರ ಮುಂದಿದ್ದ ಪ್ರಶ್ನೆ ತೀರಾ ವ್ಯಾವಹಾರಿಕವಾದದ್ದು. ಇಬ್ಬರು ಗುತ್ತಿಗೆದಾರರು ಬಂದಿದ್ದಾರೆ. ಇಬ್ಬರ ದರವೂ ಹೆಚ್ಚುಕಡಿಮೆ ಒಂದೇ, ಇಬ್ಬರೂ ಚೆನ್ನಾಗಿ ಮಾತಾಡುತ್ತಾರೆ. ಹೇಳಿದ ಹೊತ್ತಿಗೆ ಕೆಲಸ ಮುಗಿಸಿ ಕೊಡುವವರು ಯಾರು? ಸಾಫ್ಟ್‌ವೇರ್ ಇನ್ನೂ ಹುಟ್ಟಿಯೇ ಇಲ್ಲ, ಆದ್ದರಿಂದ ಅದನ್ನು ಪರೀಕ್ಷಿಸುವಂತಿಲ್ಲ. ಉಳಿದದ್ದು ಒಂದೇ: ಅವರು ಕೆಲಸ ಮಾಡುವ ರೀತಿಯನ್ನು ನೋಡುವುದು. ಗುಣಮಟ್ಟ ತಜ್ಞ ಫಿಲಿಪ್ ಕ್ರಾಸ್ಬಿ 1979ರಲ್ಲೇ ಸಂಸ್ಥೆಗಳ ಗುಣಮಟ್ಟ ನಿರ್ವಹಣೆಗೆ ಐದು ಹಂತಗಳ ಕೋಷ್ಟಕ ಕೊಟ್ಟಿದ್ದರು. ಆ ಐದನ್ನು ಹಂಫ್ರಿ ಸಾಫ್ಟ್‌ವೇರ್ ಕೆಲಸಕ್ಕೆ ತಂದರು.

1991ರಲ್ಲಿ ಇದು ‘ಕೇಪಬಿಲಿಟಿ ಮೆಚ್ಯೂರಿಟಿ ಮಾಡೆಲ್’, ಸಿಎಂಎಂ, ಎಂಬ ಹೆಸರಲ್ಲಿ ಹೊರಬಂತು, 1993ರಲ್ಲಿ ಪರಿಷ್ಕರಣೆಯಾಯಿತು. ಬೇರೆ ಬೇರೆ ಕ್ಷೇತ್ರಗಳಿಗೆ ಬೇರೆ ಬೇರೆ ಮಾದರಿಗಳು ಹುಟ್ಟಿ ಗೋಜಲಾದಾಗ 2000ದಲ್ಲಿ ಅವನ್ನು ಒಗ್ಗೂಡಿಸಿದರು. ಸಿಎಂಎಂ ತುದಿಗೆ ‘ಇಂಟಿಗ್ರೇಷನ್‌’ನ ಐ ಸೇರಿದ್ದು ಆಗ. ಈಗ ಇದರ ಉಸ್ತುವಾರಿ ಎಸ್‌ಇಐ ಬಳಿ ಇಲ್ಲ. ಪ್ರತ್ಯೇಕವಾಗಿ ಹುಟ್ಟಿದ ಸಿಎಂಎಂಐ ಇನ್‌ಸ್ಟಿಟ್ಯೂಟನ್ನು 2016ರಲ್ಲಿ ಐಸಾಕಾ ಸಂಸ್ಥೆ ಕೊಂಡಿತು. 2018ರಲ್ಲಿ 2.0, 2023ರಲ್ಲಿ 3.0 ಆವೃತ್ತಿ ಬಂದಿವೆ. ಆವೃತ್ತಿ ಬದಲಾದಂತೆ ಪಾರಿಭಾಷಿಕ ಪದಗಳು ಬದಲಾಗಿವೆ, ಐದು ಹಂತಗಳ ಬೆನ್ನೆಲುಬು ಹಾಗೇ ಇದೆ.

## ‘ಪ್ರಕ್ರಿಯೆ’ ಮತ್ತು ‘ಪಕ್ವತೆ’

ಪ್ರಕ್ರಿಯೆ ಅಂದರೆ ಕೆಲಸ ಮಾಡುವ ಕ್ರಮ: ಯಾರು, ಯಾವುದಾದ ಮೇಲೆ ಯಾವುದನ್ನು, ಏನು ನೋಡಿ, ಏನು ಕೊಟ್ಟು ಮುಗಿಸುತ್ತಾರೆ. ಪ್ರಕ್ರಿಯೆ ಇಲ್ಲದ ಕಂಪನಿ ಇಲ್ಲ. ಅದು ಬರೀ ತಲೆಯೊಳಗಿದೆಯೋ, ಎಲ್ಲರಿಗೂ ಗೊತ್ತಿದೆಯೋ, ಅಳೆದು ನೋಡಲಾಗಿದೆಯೋ ಎಂಬಲ್ಲಿ ವ್ಯತ್ಯಾಸ. ಆ ವ್ಯತ್ಯಾಸವೇ ಪಕ್ವತೆ.

ಇಡ್ಲಿ ಹೋಟೆಲ್ ಒಂದನ್ನು ನೆನೆಯಿರಿ. ಭಟ್ಟರು ಇರುವ ದಿನ ಇಡ್ಲಿ ಮಲ್ಲಿಗೆ. ಅವರು ಮಗಳ ಮದುವೆಗೆ ಊರಿಗೆ ಹೋದ ವಾರ ಕಲ್ಲು. ಇದು ಒಂದನೇ ಹಂತ. ಅಕ್ಕಿ, ಉದ್ದು ಎಷ್ಟು, ರುಬ್ಬಿದ್ದು ಎಷ್ಟು ಹೊತ್ತಿಗೆ ಎಂದು ಆ ಅಡುಗೆಮನೆಯಲ್ಲಿ ಒಂದು ನೋಟ್‌ಬುಕ್ ಇಟ್ಟು, ದಿನವೂ ನೋಡಿಕೊಂಡು ಮಾಡಿದರೆ ಎರಡನೆಯದು. ಹೋಟೆಲ್‌ಗೆ ಆರು ಶಾಖೆಯಾಗಿ, ಆರು ನೋಟ್‌ಬುಕ್‌ಗಳಲ್ಲಿ ಒಳ್ಳೆಯದನ್ನು ಆರಿಸಿ ಎಲ್ಲ ಕಡೆಗೂ ಒಂದೇ ವಿಧಾನ ಮಾಡಿದರೆ ಮೂರನೆಯದು. ಇಲ್ಲಿ ‘ಒಂದೇ’ ಅಂದರೆ ಕಣ್ಣುಮುಚ್ಚಿ ಒಂದೇ ಅಲ್ಲ: ಡಿಸೆಂಬರ್‌ನ ಬೆಂಗಳೂರಿನಲ್ಲಿ ಹಿಟ್ಟು ಹುದುಗಲು ಹಿಡಿಯುವ ಹೊತ್ತು ಮೇ ತಿಂಗಳ ಮಂಗಳೂರಿನಲ್ಲಿ ಬೇಕಿಲ್ಲ. ಎಷ್ಟರ ಮಟ್ಟಿಗೆ ಬದಲಾಯಿಸಿಕೊಳ್ಳಬಹುದು ಎಂಬುದೂ ಆ ವಿಧಾನದೊಳಗೇ ಬರೆದಿರಬೇಕು. ಹಿಟ್ಟಿನ ಉಷ್ಣಾಂಶ, ಹುದುಗಿದ ಹೊತ್ತು, ಇಡ್ಲಿಯ ತೂಕ ಅಳೆದು, ನಾಳೆ ಬೆಳಗ್ಗೆ ಹೇಗಾಗುತ್ತದೆಂದು ಇವತ್ತು ರಾತ್ರಿಯೇ ಹೇಳಬಲ್ಲವರಾದರೆ ನಾಲ್ಕು. ಆ ಅಳತೆ ನೋಡಿ ವಿಧಾನವನ್ನೇ ತಿದ್ದುತ್ತಾ ಹೋದರೆ ಐದು.

ಹೋಲಿಕೆ ಇಲ್ಲಿಗೆ ಸಾಕು. ಹೋಟೆಲ್ ದಿನಾ ಮಾಡುವುದು ಅದೇ ಇಡ್ಲಿ. ಸಾಫ್ಟ್‌ವೇರ್ ತಂಡ ಒಂದೇ ವಸ್ತುವನ್ನು ಎರಡು ಸಲ ಮಾಡುವುದಿಲ್ಲ. ಈ ಮಾದರಿಯ ಮೇಲಿನ ಮುಖ್ಯ ತಕರಾರುಗಳೆಲ್ಲ ಹುಟ್ಟುವುದು ಇಲ್ಲಿಂದಲೇ.

## ಒಂದನೇ ಹಂತ: ಇನಿಷಿಯಲ್

ಹಳೆಯ ಆವೃತ್ತಿಗಳಲ್ಲಿ ಇದಕ್ಕೆ ಪರೀಕ್ಷೆ ಇರಲಿಲ್ಲ. ಬೇರಾವ ಹಂತಕ್ಕೂ ಸೇರದವರು ಇಲ್ಲಿರುತ್ತಾರೆ. ಒಳ್ಳೆಯ ಸಾಫ್ಟ್‌ವೇರ್ ಇಲ್ಲೂ ಬರುತ್ತದೆ, ಕೆಲವೊಮ್ಮೆ ಅದ್ಭುತವಾದದ್ದೇ ಬರುತ್ತದೆ. ಆದರೆ ಮುಂದಿನ ಸಲವೂ ಬಂದೀತೇ ಎಂದರೆ ಹೇಳುವವರಿಲ್ಲ. ಗುರುತು ಸುಲಭ: ಡೆಡ್‌ಲೈನ್ ಹತ್ತಿರವಾದ ಕೂಡಲೇ ಯೋಜನೆ ಮೂಲೆಗೆ ಹೋಗಿ, ಎಲ್ಲರೂ ರಾತ್ರಿ ಕೂತು ಕೋಡ್ ಬರೆಯುತ್ತಾರೆ, ಟೆಸ್ಟಿಂಗ್‌ಗೆ ಇಟ್ಟಿದ್ದ ಎರಡು ವಾರ ಎರಡು ದಿನಕ್ಕಿಳಿಯುತ್ತದೆ.

## ಎರಡನೇ ಹಂತ: ಮ್ಯಾನೇಜ್ಡ್

ಇಲ್ಲಿ ಪ್ರತಿ ಪ್ರಾಜೆಕ್ಟೂ ತನ್ನ ಮಟ್ಟಿಗೆ ಶಿಸ್ತಿಗೆ ಬಂದಿರುತ್ತದೆ. 2010ರಲ್ಲಿ ಬಂದು ಬಹಳ ಕಾಲ ಚಾಲ್ತಿಯಲ್ಲಿದ್ದ 1.3 ಆವೃತ್ತಿಯಲ್ಲಿ ಈ ಹಂತಕ್ಕೆ ಏಳು ವಿಭಾಗಗಳಿದ್ದವು: ಬೇಡಿಕೆಗಳ ನಿರ್ವಹಣೆ, ಯೋಜನೆ, ಪ್ರಗತಿಯ ಮೇಲೆ ನಿಗಾ, ಹೊರಗುತ್ತಿಗೆದಾರರೊಂದಿಗಿನ ಒಪ್ಪಂದ, ಅಳತೆ, ಗುಣಮಟ್ಟ ಖಾತರಿ, ಮತ್ತು ಕಾನ್ಫಿಗರೇಷನ್ ಮ್ಯಾನೇಜ್‌ಮೆಂಟ್. ಕೊನೆಯದರ ಸರಳ ಅರ್ಥ, ಯಾವ ಫೈಲಿನ ಯಾವ ಆವೃತ್ತಿ ಯಾರ ಬಳಿ ಇದೆ, ಗ್ರಾಹಕರ ಯಂತ್ರದಲ್ಲಿ ಓಡುತ್ತಿರುವುದು ಯಾವುದು ಎಂದು ಯಾವಾಗ ಕೇಳಿದರೂ ಹೇಳುವಂತಿರುವುದು.

ಬೇಡಿಕೆಗಳ ನಿರ್ವಹಣೆ ಓದಲು ನೀರಸ, ಕೈತಪ್ಪಿದರೆ ದುಬಾರಿ. ಒಂದು ಉದಾಹರಣೆಯಲ್ಲೇ ನೋಡೋಣ. ಗ್ರಾಹಕ ಫೋನ್ ಮಾಡಿ, “ಅರ್ಜಿ ಫಾರ್ಮ್‌ನಲ್ಲಿ ಪಿನ್‌ಕೋಡ್ ಅಂತ ಒಂದು ಕಾಲಂ ಸೇರಿಸಿಬಿಡಿ, ಸಣ್ಣ ಕೆಲಸ” ಅನ್ನುತ್ತಾರೆ. ಒಂದನೇ ಹಂತದ ತಂಡ “ಆಯ್ತು ಸಾರ್” ಅನ್ನುತ್ತದೆ. ಕೆಲಸ ಶುರುವಾದ ಮೇಲೆ ಬಾಲ ಕಾಣುತ್ತದೆ: ಪರದೆ ಬದಲಾಗಬೇಕು, ಡೇಟಾಬೇಸ್ ಟೇಬಲ್ ಬದಲಾಗಬೇಕು, ಆರೇ ಅಂಕಿ ಇದೆಯೇ ಎಂಬ ತಪಾಸಣೆ ಬೇಕು, ಮೂರು ವರದಿಗಳಲ್ಲಿ ವಿಳಾಸದ ಜಾಗ ಸಾಲುವುದಿಲ್ಲ, ಈಗಾಗಲೇ ಇರುವ 40,000 ಅರ್ಜಿಗಳಲ್ಲಿ ಪಿನ್‌ಕೋಡೇ ಇಲ್ಲ. ಆ ಖಾಲಿ ಜಾಗಕ್ಕೆ ಏನು ಮಾಡುವುದೆಂದು ಯಾರೂ ಕೇಳಿರಲಿಲ್ಲ.

ಎರಡನೇ ಹಂತದ ತಂಡ ಇದೇ ಫೋನಿಗೆ ಚೇಂಜ್ ರಿಕ್ವೆಸ್ಟ್ ದಾಖಲಿಸುತ್ತದೆ. ಕಂಪನಿಗಳಲ್ಲಿ ಎಲ್ಲರ ಬಾಯಲ್ಲೂ ಅದು ‘ಸಿಆರ್’. ಕೇಳಿದವರು ಯಾರು, ಎಲ್ಲೆಲ್ಲಿ ಪರಿಣಾಮ, ನಾಲ್ಕು ದಿನದ ಕೆಲಸ, ಮುಗಿಯುವ ತಾರೀಕು ಎಷ್ಟು ಮುಂದೆ ಹೋಗುತ್ತದೆ, ಒಪ್ಪಿದವರು ಯಾರು. ಒಂದು ಪುಟ ಸಾಕು. ಒಪ್ಪಿಗೆಯಾದ ಮೇಲೆ ಬೇಡಿಕೆ ಪಟ್ಟಿ, ವಿನ್ಯಾಸ, ಟೆಸ್ಟ್ ಕೇಸ್, ಯೋಜನೆ ನಾಲ್ಕೂ ಒಟ್ಟಿಗೆ ಬದಲಾಗಬೇಕು. ಮೂರು ಬದಲಾಗಿ ಒಂದು ಉಳಿದರೆ ತಪ್ಪು ಅಲ್ಲೇ ಅಡಗಿ ಕೂರುತ್ತದೆ. ಸಾಮಾನ್ಯವಾಗಿ ಉಳಿಯುವುದು ಟೆಸ್ಟ್ ಕೇಸ್.

ಈ ಹಂತದಲ್ಲಿ ಕೈಗೆ ಬರುವ ನಿಜವಾದ ಫಸಲು ದಾಖಲೆಯಲ್ಲ, ಅಂಕಿ. ಅಂದಾಜು 40 ದಿನ, ಹಿಡಿದದ್ದು 56 ದಿನ. ಇಂಥ ಸಾಲುಗಳು ಪ್ರಾಜೆಕ್ಟ್ ಮೇಲೆ ಪ್ರಾಜೆಕ್ಟ್ ಕೂಡಿಬಿದ್ದರೇ ಮುಂದಿನ ಹಂತಗಳಿಗೆ ಊಟ.

## ಮೂರನೇ ಹಂತ: ಡಿಫೈನ್ಡ್

ಎರಡನೇ ಹಂತದಲ್ಲಿ ಪ್ರತಿ ಮ್ಯಾನೇಜರ್‌ಗೂ ಅವರವರ ಪದ್ಧತಿ. ಒಬ್ಬರ ‘ಮುಗಿದಿದೆ’ ಅಂದರೆ ಕೋಡ್ ಬರೆದಾಯಿತು ಅಂತ, ಇನ್ನೊಬ್ಬರದು ಟೆಸ್ಟ್ ಕೂಡ ಆಯಿತು ಅಂತ. ಅವರಿಬ್ಬರ ಅಂಕಿಗಳನ್ನು ಕೂಡಿಸಿದರೆ ಕಸ ಸಿಗುತ್ತದೆ. ಮೂರನೇ ಹಂತ ಇಡೀ ಸಂಸ್ಥೆಗೆ ಒಂದು ಮೂಲ ವಿಧಾನವನ್ನು ಕೊಡುತ್ತದೆ. 1.3 ಆವೃತ್ತಿಯಲ್ಲಿ ಇದಕ್ಕೆ 11 ವಿಭಾಗಗಳು. ಏರುವ ಮೆಟ್ಟಿಲುಗಳಲ್ಲಿ ಅತಿ ಎತ್ತರದ್ದು ಇದೇ.

ಇದಕ್ಕಾಗಿ ಒಂದು ಸಣ್ಣ ತಂಡ ಇರುತ್ತದೆ, ಉದ್ಯಮದಲ್ಲಿ ಅದನ್ನು ‘ಎಸ್‌ಇಪಿಜಿ’ (ಸಾಫ್ಟ್‌ವೇರ್ ಎಂಜಿನಿಯರಿಂಗ್ ಪ್ರೊಸೆಸ್ ಗ್ರೂಪ್) ಅನ್ನುತ್ತಾರೆ. ವಿಧಾನ ಬರೆಯುವುದು, ತರಬೇತಿ ಕೊಡಿಸುವುದು, ಪ್ರಾಜೆಕ್ಟ್‌ಗಳ ಅನುಭವವನ್ನು ಒಂದೆಡೆ ಶೇಖರಿಸುವುದು ಅದರ ಕೆಲಸ. ವರ್ಷಾನುಗಟ್ಟಲೆ ಪ್ರಾಜೆಕ್ಟ್ ಕಾಣದವರು ಬರೆದ ವಿಧಾನವನ್ನು ಪ್ರಾಜೆಕ್ಟ್‌ನವರು ಪಾಲಿಸುವುದಿಲ್ಲ, ಪಾಲಿಸಿದಂತೆ ಮಾಡುತ್ತಾರೆ. ಆದ್ದರಿಂದ ಈ ತಂಡದಲ್ಲಿ ಕೈಯಲ್ಲಿ ಕೋಡ್ ಇರುವವರು ಸರದಿಯಲ್ಲಿ ಕೂರಬೇಕು.

ಟೈಲರಿಂಗ್ ಎಂಬ ಪದ ಇಲ್ಲಿಯದು. ಅಕ್ಷರಶಃ ದರ್ಜಿ ಕೆಲಸ. ಎರಡು ವಾರದ ಸಣ್ಣ ತಿದ್ದುಪಡಿಗೂ ಎರಡು ವರ್ಷದ ಹೊಸ ವ್ಯವಸ್ಥೆಗೂ ಒಂದೇ ಅಳತೆಯ ಅಂಗಿ ಹೊಲಿಯುವಂತಿಲ್ಲ. ಏನನ್ನು ಬಿಡಬಹುದು, ಏನನ್ನು ಕೂಡಿಸಬಹುದು, ಯಾವುದನ್ನು ಯಾವ ಕಾರಣಕ್ಕೂ ಬಿಡಬಾರದು ಎಂಬ ಪಟ್ಟಿ ಇರುತ್ತದೆ. ಸಣ್ಣ ಕಂಪನಿಗಳು ಸೋಲುವುದು ಹೆಚ್ಚಾಗಿ ಇದೇ ಜಾಗದಲ್ಲಿ: ಸಲಹೆಗಾರರು ದೊಡ್ಡ ಕಂಪನಿಯ ನಮೂನೆಗಳನ್ನು ತಂದು ಕೊಡುತ್ತಾರೆ, ಎಂಟು ಜನರ ತಂಡ 30 ಪುಟದ ಯೋಜನಾ ದಾಖಲೆ ತುಂಬಿಸಲು ಕೂರುತ್ತದೆ, ಮೂರನೇ ತಿಂಗಳಿಗೆ ಎಲ್ಲ ಪ್ರಾಜೆಕ್ಟ್‌ಗಳ ದಾಖಲೆಯೂ ಒಂದೇ ಪಠ್ಯ, ಪ್ರಾಜೆಕ್ಟ್ ಹೆಸರು ಮಾತ್ರ ಬೇರೆ.

ಪೀರ್ ರಿವ್ಯೂ, ಅಂದರೆ ಒಬ್ಬರು ಬರೆದದ್ದನ್ನು ಜೊತೆಯವರು ಕೂತು ಓದಿ ದೋಷ ಹುಡುಕುವುದು, ಈ ಹಂತದ ಅತ್ಯಂತ ಲಾಭದ ಅಭ್ಯಾಸ. ಐಬಿಎಂನ ಮೈಕೆಲ್ ಫೇಗನ್ 1976ರಲ್ಲಿ ಇದಕ್ಕೊಂದು ಕ್ರಮ ಬರೆದಿಟ್ಟರು. ಗಂಟೆಗೆ ಸುಮಾರು 150ರಿಂದ 200 ಸಾಲು ಕೋಡ್ ಓದುವುದು ಹದ. ಅದಕ್ಕಿಂತ ಜೋರಾಗಿ ಓದಿದರೆ ಕಣ್ಣು ಓಡುತ್ತದೆ, ತಲೆ ಓಡುವುದಿಲ್ಲ.

## ನಾಲ್ಕನೇ ಹಂತ: ಅಂಕಿ ಮಾತಾಡುವುದು

ಇಲ್ಲಿಂದ ಮೇಲೆ ಬಹಳ ಜನ ಗೊಂದಲಕ್ಕೆ ಬೀಳುತ್ತಾರೆ. ‘ಕ್ವಾಂಟಿಟೇಟಿವ್ಲಿ ಮ್ಯಾನೇಜ್ಡ್’ ಅಂದರೆ ಇನ್ನಷ್ಟು ಗ್ರಾಫ್‌ಗಳು ಎಂದಲ್ಲ. ಪ್ರತಿ ಕೆಲಸದಲ್ಲೂ ಸಹಜವಾದ ಏರಿಳಿತ ಇದ್ದೇ ಇರುತ್ತದೆ. ಆ ಸಹಜ ಏರಿಳಿತ ಯಾವುದು, ನಿಜವಾಗಿ ಏನೋ ಆಗಿದೆ ಎಂದು ಸೂಚಿಸುವ ಏರಿಳಿತ ಯಾವುದು ಎಂದು ಬೇರ್ಪಡಿಸುವುದೇ ಈ ಹಂತದ ಜೀವಾಳ. ಸಾಧನ, ಕಾರ್ಖಾನೆಗಳಿಂದ ಬಂದ ಕಂಟ್ರೋಲ್ ಚಾರ್ಟ್.

ಕೈಯಲ್ಲೇ ಮಾಡಿ ನೋಡಬಹುದು. ತಂಡವೊಂದು ಹತ್ತು ರಿವ್ಯೂ ಮಾಡಿದೆ ಎಂದುಕೊಳ್ಳಿ. ಪ್ರತಿ ಸಾವಿರ ಸಾಲಿಗೆ ಸಿಕ್ಕ ದೋಷಗಳು ಕ್ರಮವಾಗಿ 8, 11, 9, 12, 10, 7, 11, 9, 10, 13. ಸರಾಸರಿ 10. ಈಗ ಅಕ್ಕಪಕ್ಕದ ಅಂಕಿಗಳ ನಡುವಿನ ವ್ಯತ್ಯಾಸ ಬರೆಯಿರಿ: 3, 2, 3, 2, 3, 4, 2, 1, 3. ಇವುಗಳ ಸರಾಸರಿ ಸುಮಾರು 2.56. ಇದನ್ನು 2.66ರಿಂದ ಗುಣಿಸಿದರೆ 6.8. ಈ 2.66 ಸಂಖ್ಯಾಶಾಸ್ತ್ರದ ಒಂದು ಸ್ಥಿರಾಂಕ, ಎಲ್ಲರಿಗೂ ಒಂದೇ. ಸರಾಸರಿಗೆ 6.8 ಕೂಡಿಸಿದರೆ ಮೇಲಿನ ಗಡಿ 16.8, ಕಳೆದರೆ ಕೆಳಗಿನ ಗಡಿ 3.2.

ಮುಂದಿನ ರಿವ್ಯೂನಲ್ಲಿ 14 ದೋಷ ಬಂದರೆ? ಸರಾಸರಿಗಿಂತ ಹೆಚ್ಚು, ಆದರೆ ಗಡಿಯೊಳಗಿದೆ. ಕೋಡ್ ಬರೆದವರನ್ನು ಕರೆದು ಬೈಯಲು ಕಾರಣವಿಲ್ಲ. ಬರೀ 2 ದೋಷ ಬಂದರೆ? ಮ್ಯಾನೇಜರ್ ಖುಷಿಪಡುತ್ತಾರೆ, ಚಾರ್ಟ್ ಖುಷಿಪಡುವುದಿಲ್ಲ. ಕೆಳಗಡಿ ದಾಟಿದೆ, ಕಾರಣ ಹುಡುಕು ಅನ್ನುತ್ತದೆ. ಹುಡುಕಿದರೆ ಸಿಗುವುದು: 1000 ಸಾಲನ್ನು ಒಂದೂವರೆ ಗಂಟೆಯಲ್ಲಿ ಓದಿ ಮುಗಿಸಿದ್ದಾರೆ. ದೋಷ ಇರಲಿಲ್ಲ ಎಂದಲ್ಲ, ಯಾರೂ ನೋಡಲಿಲ್ಲ. ಅವು ಟೆಸ್ಟಿಂಗ್‌ನಲ್ಲೋ ಗ್ರಾಹಕರ ಕೈಯಲ್ಲೋ ಹೊರಬರುತ್ತವೆ, ಅಲ್ಲಿ ತಿದ್ದುವ ಖರ್ಚು ಹಲವು ಪಟ್ಟು.

ಎರಡು ಎಚ್ಚರಿಕೆ. ಹತ್ತು ಅಂಕಿಗಳಿಂದ ಹಾಕಿದ ಗಡಿ ತಾತ್ಕಾಲಿಕ. ಇಪ್ಪತ್ತಕ್ಕೂ ಹೆಚ್ಚು ಆದ ಮೇಲೆ ನಂಬಬಹುದು. ಇನ್ನೊಂದು, ಜಾತಿ ಬೇರೆಯಾದ ಅಂಕಿಗಳನ್ನು ಬೆರೆಸಬಾರದು. ಬ್ಯಾಂಕಿಂಗ್ ವ್ಯವಸ್ಥೆಯ ಜಾವಾ ಕೋಡ್ ಮತ್ತು ಮೊಬೈಲ್ ಆ್ಯಪ್‌ನ ಪರದೆಗಳನ್ನು ಒಂದೇ ಚಾರ್ಟ್‌ಗೆ ಹಾಕಿದರೆ ಗಡಿಗಳು ಎಷ್ಟು ಅಗಲವಾಗುತ್ತವೆಂದರೆ ಯಾವುದೂ ಗಡಿ ದಾಟುವುದೇ ಇಲ್ಲ. ಚಾರ್ಟ್ ಚೆಂದ ಕಾಣುತ್ತದೆ, ಏನೂ ಹೇಳುವುದಿಲ್ಲ. ಮೂರನೇ ಹಂತ ಗಟ್ಟಿಯಾಗದೆ ನಾಲ್ಕಕ್ಕೆ ಹಾರಿದವರ ಗತಿ ಇದು: ಎಲ್ಲರೂ ಒಂದೇ ರೀತಿ ರಿವ್ಯೂ ಮಾಡದಿದ್ದರೆ ಅಳೆಯುವುದಾದರೂ ಏನನ್ನು?

## ಐದನೇ ಹಂತ: ಆಪ್ಟಿಮೈಜಿಂಗ್

ಇಂಗ್ಲಿಷ್ ಹೆಸರಿನ ಕೊನೆಯ ‘ಇಂಗ್’ ಗಮನಿಸಬೇಕು. ಮುಗಿದ ಕೆಲಸವಲ್ಲ, ನಡೆಯುತ್ತಿರುವ ಕೆಲಸ. ನಾಲ್ಕನೆಯದರಲ್ಲಿ ಗಡಿ ದಾಟಿದ್ದನ್ನು ಸರಿಪಡಿಸುತ್ತಾರೆ. ಐದನೆಯದರಲ್ಲಿ ಗಡಿಯೊಳಗಿನ ಮಾಮೂಲು ಮಟ್ಟವನ್ನೇ ಉತ್ತಮಪಡಿಸುತ್ತಾರೆ.

ಹಿಂದಿನ ರಿಲೀಸ್‌ನಲ್ಲಿ 120 ದೋಷ ಸಿಕ್ಕಿವೆ ಎನ್ನಿ. ಅವನ್ನು ಕಾರಣಗಳ ಪ್ರಕಾರ ವಿಂಗಡಿಸಿದರೆ 31 ದೋಷಗಳು ತಾರೀಕಿಗೆ ಸಂಬಂಧಿಸಿದವು. 03/04 ಅಂದರೆ ಬೆಂಗಳೂರಿನಲ್ಲಿ ಏಪ್ರಿಲ್ 3, ಅಮೆರಿಕದ ಗ್ರಾಹಕರಿಗೆ ಮಾರ್ಚ್ 4. ಒಂದೊಂದನ್ನೂ ತಿದ್ದಿ ಮುಗಿಸುವುದು ಎಲ್ಲರೂ ಮಾಡುವ ಕೆಲಸ. ಇಲ್ಲಿ ಮುಂದೆ ಕೇಳುತ್ತಾರೆ: ಯಾಕೆ ಇಷ್ಟು? ಪ್ರತಿಯೊಬ್ಬರೂ ತಾರೀಕನ್ನು ತಮಗೆ ತೋಚಿದಂತೆ ನಿಭಾಯಿಸಿದ್ದಾರೆ. ಯಾಕೆ? ಎಲ್ಲರೂ ಬಳಸುವಂಥ ಒಂದು ಮಾಡ್ಯೂಲ್ ಇರಲಿಲ್ಲ. ರಿವ್ಯೂನಲ್ಲಿ ಯಾಕೆ ಸಿಗಲಿಲ್ಲ? ಚೆಕ್‌ಲಿಸ್ಟ್‌ನಲ್ಲಿ ಆ ಪ್ರಶ್ನೆಯೇ ಇರಲಿಲ್ಲ. ಆಗ ಒಂದು ಮಾಡ್ಯೂಲ್ ಬರೆದು, ಚೆಕ್‌ಲಿಸ್ಟ್‌ಗೆ ಒಂದು ಸಾಲು ಸೇರಿಸಿ, ಒಂದೇ ಪ್ರಾಜೆಕ್ಟ್‌ನಲ್ಲಿ ಎರಡು ರಿಲೀಸ್ ಪ್ರಯೋಗಿಸುತ್ತಾರೆ. ದೋಷ ಇಳಿದದ್ದು ಸಹಜ ಏರಿಳಿತವೋ ನಿಜವಾದ ಇಳಿಕೆಯೋ ಎಂದು ಹೇಳಲು ನಾಲ್ಕನೇ ಹಂತದ ಚಾರ್ಟ್ ಬೇಕು. ಇಳಿಕೆ ನಿಜವಾದರೆ ಮಾತ್ರ ಅದು ಮೂರನೇ ಹಂತದ ಮೂಲ ವಿಧಾನಕ್ಕೆ ಸೇರಿ ಎಲ್ಲ ಪ್ರಾಜೆಕ್ಟ್‌ಗಳಿಗೂ ಹೋಗುತ್ತದೆ. ಹಂತ ಹಾರಲು ಆಗುವುದಿಲ್ಲ ಎನ್ನುವುದು ಇದಕ್ಕೇ: ಮೇಲಿನ ಹಂತ ಕೆಳಗಿನ ಹಂತ ಬೆಳೆದದ್ದನ್ನು ತಿಂದು ಬದುಕುತ್ತದೆ.

ಈ ಹಂತವನ್ನು ಮೊದಲು ಮುಟ್ಟಿದವರೆಂದು ಹೆಸರಾದದ್ದು, ನಾಸಾದ ಸ್ಪೇಸ್ ಶಟಲ್‌ನ ಹಾರಾಟದ ಸಾಫ್ಟ್‌ವೇರ್ ಬರೆಯುತ್ತಿದ್ದ ಐಬಿಎಂನ ಹ್ಯೂಸ್ಟನ್ ತಂಡ. ಆ ಕಾರ್ಯಕ್ರಮ ನಾಲ್ಕು ಲಕ್ಷ ಸಾಲಿಗೂ ಹೆಚ್ಚಿನದು. ಒಂದು ದೋಷ ಸಿಕ್ಕರೆ ಅದನ್ನು ತಿದ್ದುವುದಷ್ಟೇ ಅಲ್ಲ, ಆ ದೋಷ ಯಾವ ರಿವ್ಯೂ, ಯಾವ ಟೆಸ್ಟ್‌ನ ಕಣ್ಣು ತಪ್ಪಿಸಿ ಬಂತು ಎಂದು ಹುಡುಕಿ ಆ ಕಂಡಿಯನ್ನು ಮುಚ್ಚಿ, ಅದೇ ಕಂಡಿಯಿಂದ ನುಸುಳಿದ ಬೇರೆ ದೋಷಗಳಿವೆಯೇ ಎಂದೂ ನೋಡುತ್ತಿದ್ದರು.

## ಬೆಂಗಳೂರು ಯಾಕೆ ಮುಂದೆ ಬಂತು

ಅಮೆರಿಕದ ರಕ್ಷಣಾ ಇಲಾಖೆಗಾಗಿ ಹುಟ್ಟಿದ ಮಾದರಿಯನ್ನು ಅಷ್ಟು ಉತ್ಸಾಹದಿಂದ ಅಪ್ಪಿಕೊಂಡದ್ದು ಭಾರತದ ಕಂಪನಿಗಳು. 1990ರ ದಶಕದ ಮೊದಲರ್ಧದಲ್ಲೇ ಬೆಂಗಳೂರಿನ ಮೊಟೊರೊಲಾ ಘಟಕ ಐದನೇ ಹಂತ ತಲುಪಿ ಸುದ್ದಿಯಾಯಿತು. 1998ರಲ್ಲಿ ವಿಪ್ರೊ, 1999ರಲ್ಲಿ ಇನ್ಫೊಸಿಸ್ ಅದೇ ಹಂತ ಪಡೆದವು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಜಗತ್ತಿನ ಲೆವೆಲ್ 5 ಘಟಕಗಳಲ್ಲಿ ದೊಡ್ಡ ಪಾಲು ಭಾರತದಲ್ಲೇ ಇತ್ತು.

ಕಾರಣ ಊಹಿಸಲು ಕಷ್ಟವಿಲ್ಲ. ನ್ಯೂಯಾರ್ಕ್‌ನ ಬ್ಯಾಂಕ್ ಅಧಿಕಾರಿ ಬೆಂಗಳೂರು ನೋಡಿಲ್ಲ, ಕಂಪನಿಯ ಹೆಸರು ಕೇಳಿಲ್ಲ. ಕೆಲಸ ಸಮುದ್ರದಾಚೆ ಹೋಗುತ್ತದೆ, ಫೋನ್ ಲೈನ್ ಆಗಾಗ ಕೈಕೊಡುತ್ತದೆ. ನಂಬಲು ಒಂದು ಆಧಾರ ಬೇಕು. ಅವರದೇ ದೇಶದ ಸಂಸ್ಥೆ ಮಾಡಿದ ಅಳತೆಗೋಲು ಆ ಆಧಾರವಾಯಿತು. ಇನ್ನೊಂದು ಕಾರಣ ಕೆಲಸದ ಸ್ವಭಾವದ್ದು. ಆಗ ಬರುತ್ತಿದ್ದದ್ದು ಹೆಚ್ಚಾಗಿ ಹಳೆಯ ಸಾಫ್ಟ್‌ವೇರ್‌ನ ನಿರ್ವಹಣೆ, ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಬದಲಾವಣೆ, ವೈಟುಕೆ, ಅಂದರೆ 2000ನೇ ಇಸವಿಯ ದಿನಾಂಕದ ದೋಷದ ತಿದ್ದುಪಡಿ. ಒಂದೇ ಬಗೆಯ ಕೆಲಸ ಮತ್ತೆ ಮತ್ತೆ. ಇಡ್ಲಿಗೆ ಹತ್ತಿರ. ಅಳೆಯಲು ಹೇಳಿ ಮಾಡಿಸಿದಂತಿತ್ತು.

## ಲೆವೆಲ್ ಸಿಗುವುದು ಹೇಗೆ

ಮೊದಲಿಗೆ ಪದದ ಗೊಂದಲ. ಇದರಲ್ಲಿ ‘ಸರ್ಟಿಫಿಕೇಷನ್’ ಎಂಬುದಿಲ್ಲ, ‘ಅಪ್ರೈಸಲ್’ ಇದೆ. ವರ್ಷಕ್ಕೊಮ್ಮೆ ಸಂಬಳಕ್ಕಾಗಿ ನಡೆಯುವ ಅಪ್ರೈಸಲ್‌ಗೂ ಇದಕ್ಕೂ ಸಂಬಂಧವಿಲ್ಲ. ಮಾನ್ಯತೆ ಪಡೆದ ಲೀಡ್ ಅಪ್ರೈಸರ್ ಒಬ್ಬರ ನೇತೃತ್ವದಲ್ಲಿ ಕನಿಷ್ಠ ನಾಲ್ವರ ತಂಡ ಕೂರುತ್ತದೆ. ಕಂಪನಿಯವರೂ ಆ ತಂಡದಲ್ಲಿರಬಹುದು.

ತಂಡ ಎರಡು ಬಗೆಯ ಪುರಾವೆ ನೋಡುತ್ತದೆ. ಒಂದು ಕೆಲಸದಲ್ಲಿ ಹುಟ್ಟಿದ ವಸ್ತುಗಳು: ಯೋಜನೆ, ಸಿಆರ್, ರಿವ್ಯೂ ದಾಖಲೆ, ಟೆಸ್ಟ್ ಫಲಿತಾಂಶ. ಇನ್ನೊಂದು ಸಂದರ್ಶನ. ಮ್ಯಾನೇಜರ್ “ಪ್ರತಿ ವಾರ ರಿಸ್ಕ್ ಪಟ್ಟಿ ನೋಡುತ್ತೇವೆ” ಅಂದು, ತಂಡದ ಹುಡುಗಿ “ರಿಸ್ಕ್ ಪಟ್ಟಿ ಎಲ್ಲಿದೆ?” ಎಂದು ಕೇಳಿದರೆ ಅಲ್ಲಿಗೆ ಮುಗಿಯಿತು. ಹೊಸ ಆವೃತ್ತಿಗಳಲ್ಲಿ ಯಾವ ಪ್ರಾಜೆಕ್ಟ್‌ಗಳನ್ನು ಪರೀಕ್ಷಿಸಬೇಕೆಂಬ ಆಯ್ಕೆ ಕಂಪನಿಯ ಕೈಯಲ್ಲಿಲ್ಲ. ಯಾದೃಚ್ಛಿಕವಾಗಿ ಆರಿಸಿ ಬರುತ್ತದೆ. ಚೆಂದದ ಪ್ರಾಜೆಕ್ಟ್ ಒಂದನ್ನು ಮುಂದಿಟ್ಟು ಪಾಸಾಗುವ ಹಳೆಯ ಉಪಾಯಕ್ಕೆ ಹೀಗೆ ಕತ್ತರಿ ಬಿತ್ತು.

ತೇರ್ಗಡೆಯ ನಿಯಮ ಎಸ್‌ಎಸ್‌ಎಲ್‌ಸಿಯಂತೆ: ಪ್ರತಿ ವಿಷಯದಲ್ಲೂ ಪಾಸಾಗಬೇಕು. ಗಣಿತದಲ್ಲಿ ನೂರಕ್ಕೆ ನೂರು ಬಂದು ಇಂಗ್ಲಿಷ್‌ನಲ್ಲಿ ಬಿದ್ದರೆ ಪ್ರಯೋಜನವಿಲ್ಲ. ಐದನೇ ಹಂತದ ಅಭ್ಯಾಸಗಳೆಲ್ಲ ಇದ್ದೂ ಎರಡನೇ ಹಂತದ ಕಾನ್ಫಿಗರೇಷನ್ ಮ್ಯಾನೇಜ್‌ಮೆಂಟ್ ಸಡಿಲವಾಗಿದ್ದರೆ ಸಿಗುವುದು ಒಂದನೇ ಹಂತ. ಫಲಿತಾಂಶ ಮೂರು ವರ್ಷ ಚಾಲ್ತಿ.

ಒಂದನೇ ಹಂತದಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ತಲಾ ಒಂದೂವರೆ ಎರಡು ವರ್ಷ ಹಿಡಿಯುವುದು ಮಾಮೂಲು. ಸಣ್ಣ ಘಟಕಗಳು ಬೇಗ ಮುಗಿಸಬಹುದು, ಬದಲಾಯಿಸಬೇಕಾದ ಅಭ್ಯಾಸಗಳು ಕಡಿಮೆ. ‘ಮೂರು ತಿಂಗಳಲ್ಲಿ ಲೆವೆಲ್ 3’ ಎನ್ನುವ ಸಲಹೆಗಾರರು ಕೊಡುವುದು ಕಾಗದ. ಪ್ರಾಜೆಕ್ಟ್ ಒಂದು ಶುರುವಾಗಿ ಮುಗಿಯದೆ ಅದರ ಪುರಾವೆ ಹುಟ್ಟುವುದಾದರೂ ಹೇಗೆ?

## ಕೆಡುವುದು ಎಲ್ಲೆಲ್ಲಿ

ಅತಿ ಸಾಮಾನ್ಯವಾದದ್ದು, ಅಪ್ರೈಸಲ್‌ನ ಹಿಂದಿನ ವಾರ ಕೂತು ಒಂದು ವರ್ಷದ ಸಭೆಗಳ ನಡಾವಳಿ ಬರೆಯುವುದು. ಫೈಲಿನ ದಿನಾಂಕವೇ ಗುಟ್ಟು ಬಿಟ್ಟುಕೊಡುತ್ತದೆ. ಸಿಕ್ಕಿಬೀಳದೆ ಪಾಸಾದರೂ ಆ ದಾಖಲೆಯಿಂದ ಯಾರೂ ಏನೂ ಕಲಿತಿರುವುದಿಲ್ಲ.

ಅದಕ್ಕಿಂತ ಹೆಚ್ಚು ಹಾನಿ ಮಾಡುವುದು ಅಂಕಿಯನ್ನು ಆಳಿನ ಮೇಲೆ ಬಳಸುವುದು. ರಿವ್ಯೂನಲ್ಲಿ ಸಿಕ್ಕ ದೋಷಗಳ ಲೆಕ್ಕ ಒಮ್ಮೆ ಸಂಬಳದ ಮಾತಿನಲ್ಲಿ ಬಂತೋ, ಮರುದಿನದಿಂದ ದೋಷಗಳು ದಾಖಲಾಗುವುದಿಲ್ಲ. “ಬರೀಬೇಡಿ, ನಾನೇ ಸರಿ ಮಾಡ್ತೀನಿ” ಎಂದು ಪಕ್ಕದ ಕುರ್ಚಿಗೆ ಪಿಸುಗುಟ್ಟುತ್ತಾರೆ. ಚಾರ್ಟ್‌ನಲ್ಲಿ ದೋಷ ಇಳಿಯುತ್ತದೆ, ಗ್ರಾಹಕರ ದೂರು ಏರುತ್ತದೆ. ಈ ಅಪನಂಬಿಕೆ ಒಮ್ಮೆ ಬಂದರೆ ಹೋಗಲು ವರ್ಷಗಳು ಬೇಕು.

ಮಾದರಿಗೇ ಇರುವ ಮಿತಿಯೂ ಇದೆ. ತಪ್ಪು ಸಾಫ್ಟ್‌ವೇರನ್ನು ಅಚ್ಚುಕಟ್ಟಾಗಿ, ಹೇಳಿದ ದಿನಕ್ಕೆ, ದೋಷವಿಲ್ಲದೆ ಮಾಡಿಕೊಡುವ ಲೆವೆಲ್ 5 ಘಟಕ ಇರಬಹುದು. ಯಾರಿಗೂ ಬೇಡವಾದ ಆ್ಯಪ್ ಬೇಡವಾದದ್ದೇ.

## ಅಜೈಲ್ ಇದ್ದರೆ ಇದು ಬೇಕೇ?

2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಮಂದಿ ಸೇರಿ, ಸಣ್ಣ ಸಣ್ಣ ಕಂತುಗಳಲ್ಲಿ ಸಾಫ್ಟ್‌ವೇರ್ ಮಾಡಿ ತಿದ್ದಿಕೊಳ್ಳುತ್ತಾ ಹೋಗುವ ‘ಅಜೈಲ್’ ಪದ್ಧತಿಯ ಪ್ರಣಾಳಿಕೆ ಬರೆದರು; ಭಾರೀ ದಾಖಲೆಗಳಿಗಿಂತ ಓಡುವ ಸಾಫ್ಟ್‌ವೇರ್ ಮುಖ್ಯ ಎಂಬುದು ಅದರ ಒಂದು ಮಾತು. ಆಗಿನಿಂದ ಎರಡನ್ನೂ ಎದುರಾಳಿಗಳೆಂದು ನೋಡುವುದು ರೂಢಿ. ಆದರೆ ಸಿಎಂಎಂಐ ಕೇಳುವುದು ‘ಏನು ಮಾಡುತ್ತೀರಿ’ ಎಂದು. ‘ಹೀಗೇ ಮಾಡಿ’ ಎನ್ನುವುದಿಲ್ಲ. ಯೋಜನೆಯ ಪುರಾವೆ 30 ಪುಟದ ದಾಖಲೆಯೇ ಆಗಬೇಕಿಲ್ಲ, ಒಂದೆರಡು ವಾರದ ಕಂತಿನ ಕೆಲಸಗಳ ‘ಸ್ಪ್ರಿಂಟ್’ ಪಟ್ಟಿಯೂ ಆದೀತು. ಎರಡು ವಾರಕ್ಕೊಮ್ಮೆ ಕೂತು ಏನು ಕೆಟ್ಟಿತು ಎಂದು ಮಾತಾಡುವ ರೆಟ್ರೊಸ್ಪೆಕ್ಟಿವ್ ಸಭೆ, ಐದನೇ ಹಂತದ ಕಾರಣ ಹುಡುಕಾಟದ ಚಿಕ್ಕ ರೂಪ. ತೊಡಕು ಬರುವುದು ನಾಲ್ಕನೇ ಹಂತದಲ್ಲಿ: ಕೆಲಸದ ಗಾತ್ರವನ್ನು ಅಂದಾಜಿಸುವ ‘ಸ್ಟೋರಿ ಪಾಯಿಂಟ್’ ಪ್ರತಿ ತಂಡದ ಸ್ವಂತ ಅಳತೆ, ಒಂದು ತಂಡದ 5 ಇನ್ನೊಂದು ತಂಡದ 8. ಹಾಗಾಗಿ ಒಂದು ಕೆಲಸ ಶುರುವಾಗಿ ಮುಗಿಯಲು ಹಿಡಿದ ದಿನಗಳಂಥ, ಎಲ್ಲರಿಗೂ ಸಮಾನವಾದ ಅಳತೆಗಳನ್ನೇ ಆರಿಸಿಕೊಳ್ಳಬೇಕಾಗುತ್ತದೆ.

## ಟೆಂಡರ್‌ನ ಸಾಲನ್ನು ಓದುವಾಗ

ಕಂಪನಿಯೊಂದು ‘ನಾವು ಲೆವೆಲ್ 5’ ಅಂದರೆ ಮೊದಲು ಕೇಳಬೇಕಾದ್ದು ಯಾವ ಘಟಕ ಎಂದು. ಅಪ್ರೈಸಲ್ ಆಗುವುದು ಕಂಪನಿಗಲ್ಲ, ಕಂಪನಿ ಸೂಚಿಸಿದ ಘಟಕಕ್ಕೆ. ಚೆನ್ನೈನ ಒಂದು ವಿಭಾಗ ಪಡೆದ ಲೆವೆಲ್, ನಿಮ್ಮ ಕೆಲಸ ನಡೆಯುವ ಬೆಂಗಳೂರಿನ ವಿಭಾಗಕ್ಕೆ ತಾನಾಗಿ ಅನ್ವಯಿಸುವುದಿಲ್ಲ. ಆಮೇಲೆ ಕ್ಷೇತ್ರ ಯಾವುದು: ಸಾಫ್ಟ್‌ವೇರ್ ಅಭಿವೃದ್ಧಿಗೆ ಬೇರೆ, ಸೇವೆಗಳಿಗೆ ಬೇರೆ. ಕಾಲ್ ಸೆಂಟರ್ ನಡೆಸಿ ಪಡೆದ ಲೆವೆಲ್ಲನ್ನು ಕೋಡ್ ಬರೆಯುವ ಟೆಂಡರ್‌ಗೆ ಲಗತ್ತಿಸಿದ್ದರೆ ಇಲ್ಲೇ ಗೊತ್ತಾಗುತ್ತದೆ.

ಗೋಡೆಯ ಮೇಲೆ ಕಟ್ಟು ಹಾಕಿಸಿದ ಪ್ರಮಾಣಪತ್ರ ನೋಡಿ ನಂಬಬೇಕಾಗಿಲ್ಲ. ಅಧಿಕೃತ ಅಪ್ರೈಸಲ್‌ಗಳ ಫಲಿತಾಂಶ ಸಿಎಂಎಂಐ ಇನ್‌ಸ್ಟಿಟ್ಯೂಟ್‌ನ ಜಾಲತಾಣದಲ್ಲಿ ಎಲ್ಲರಿಗೂ ತೆರೆದಿರುವ ಪಟ್ಟಿಯಲ್ಲಿ ಪ್ರಕಟವಾಗುತ್ತದೆ. ಕಂಪನಿಯ ಹೆಸರು ಹಾಕಿ ಹುಡುಕಿದರೆ ಘಟಕ, ಕ್ಷೇತ್ರ, ಹಂತ, ಅವಧಿ ಮುಗಿಯುವ ದಿನಾಂಕ ಒಟ್ಟಿಗೆ ಸಿಗುತ್ತವೆ. ಕಂಪನಿಯೇ ಪ್ರಕಟಣೆ ಬೇಡವೆಂದು ಕೇಳಿಕೊಂಡಿದ್ದರೆ ಹೆಸರು ಕಾಣದಿರಬಹುದು, ಆಗ ಅಪ್ರೈಸಲ್‌ನ ಫಲಿತಾಂಶ ದಾಖಲೆಯನ್ನೇ ಕೇಳಿ ಪಡೆಯಬೇಕು. ಅದರಲ್ಲಿ ಮೊದಲು ಕಣ್ಣು ಹಾಯಿಸಬೇಕಾದ್ದು ಹಂತದ ಅಂಕಿಯ ಮೇಲಲ್ಲ, ಘಟಕದ ವಿವರ ಮತ್ತು ಕೊನೆಯ ದಿನಾಂಕದ ಮೇಲೆ.